ಮೊಮ್ಮಗಳ ಸಾಂದ್ರತೆ

"ಕಲ್ಲು ಮುಳುಗದೆ ಇನ್ನೇನು ತೇಲುತ್ತಾ, ತಾತ? ಕ್ಲಾಸಲ್ಲಿ ಎಲ್ಲರೂ ನನ್ನ ಗುಂಡುಕಲ್ಲು ಅಂತಾರೆ. ನಾಳೆ ಈಜೋಕೆ ನಾನು ಹೋಗಲ್ಲ," ಎಂದಳು ಮೊಮ್ಮಗಳು.

ತಾತ ಗಾಜು ಕಾಯಿಸುವ ಬರ್ನರ್ ಆರಿಸಿದ. ಮನೆಯ ಹಿಂದಿನ ಆ ಕೋಣೆಯಲ್ಲಿ ಅವನು ಹಾಲು, ಬ್ಯಾಟರಿ ಆಸಿಡ್‌ಗಳ ಸಾಂದ್ರತೆ ನೋಡುವ ಗಾಜಿನ ಕೊಳವೆಗಳನ್ನು ಮಾಡುತ್ತಿದ್ದ; ಅವು ನೀರಿನಲ್ಲಿ ನೆಟ್ಟಗೆ ನಿಲ್ಲಲೆಂದು ಬುಡಕ್ಕೆ ಸೀಸದ ಗುಂಡು ತುಂಬುವುದು ಅಜ್ಜಿಯ ಪಾಲಿನ ಕೆಲಸ. ತೇಲುವ ಸಾಮಾನು ಮಾಡಿಯೇ ಹೊಟ್ಟೆ ಹೊರೆದ ಮನೆಯಲ್ಲಿ ನೀರಿಗೆ ಹೆದರುವ ಮಗು.

"ಭಾರ ಇದ್ದದ್ದೆಲ್ಲಾ ಮುಳುಗಲ್ಲ ಪುಟ್ಟಿ. ಹಡಗು ತೇಲಲ್ವಾ? ಎಷ್ಟು ಜಾಗಕ್ಕೆ ಎಷ್ಟು ಭಾರ ಅನ್ನೋದೇ ಲೆಕ್ಕ. ನೀರು ಅಂದ್ರೆ ಒಂದು. ಅದಕ್ಕಿಂತ ಕಡಿಮೆ ಇದ್ದವರು ತೇಲ್ತಾರೆ."

"ನಮ್ಮ ಪುಸ್ತಕದಲ್ಲಿ ನೀರಿಗೆ ಸಾವಿರ ಅಂತಿದೆ."

"ಲೀಟರಿಗೆ ಇಷ್ಟು ಕಿಲೋ ಅಂದ್ರೆ ಒಂದು. ಘನಮೀಟರಿಗೆ ಇಷ್ಟು ಕಿಲೋ ಅಂದ್ರೆ ಸಾವಿರ. ಮನೇಲಿ ನೀನು ಪುಟ್ಟಿ, ಶಾಲೇಲಿ ಹಾಜರಿ ಕೂಗುವಾಗ ಉದ್ದ ಹೆಸರು. ಹುಡುಗಿ ಒಬ್ಬಳೇ ತಾನೆ?"

"ಹಾಗಾದ್ರೆ ನಾನೆಷ್ಟು?"

"ಅಳೆದೇ ಬಿಡೋಣ."

ಈಜುಡುಗೆ ತೊಟ್ಟು ಬಂದವಳನ್ನು ತಾತ ಪಾರ್ಸೆಲ್ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ಹಲಗೆ ತುಸು ಅಲುಗಾಡಿತು. ನಲವತ್ತೊಂದು ಕಿಲೋ. ಆಮೇಲೆ ದೊಡ್ಡ ತೊಟ್ಟಿಯೊಳಗೆ ಡ್ರಮ್ಮು ಇಟ್ಟು, ಅಂಚಿನ ತನಕ ನೀರು ತುಂಬಿ, ಅವಳನ್ನು ಇಳಿಸಿದ. ಡ್ರಮ್ಮಿಗೆ ಅವಳು ಹೆದರಲಿಲ್ಲ. ಕಾಲು ತಳಕ್ಕೆ ತಾಗುತ್ತಿತ್ತಲ್ಲ. ಎದೆ ತುಂಬ ಉಸಿರೆಳೆದು, ತಲೆಯೂ ಒಳಗಾಗುವಂತೆ ಮುದುರಿ ಕೂತು ಎದ್ದಳು. ತೊಟ್ಟಿಗೆ ಚೆಲ್ಲಿದ ನೀರನ್ನು ಅಜ್ಜಿ ಲೀಟರ್ ಜಗ್ಗಿನಲ್ಲಿ ಅಳೆದಳು. ಬರೀ ನಲವತ್ತು.

ನಲವತ್ತು ಲೀಟರ್ ಜಾಗ, ನಲವತ್ತೊಂದು ಕಿಲೋ ಭಾರ. ಒಂದಕ್ಕಿಂತ ಹೆಚ್ಚು.

"ನಾನು ಹೇಳ್ಲಿಲ್ವಾ," ಎಂದಳು ಹುಡುಗಿ, ಟವೆಲ್ಲಿನೊಳಗಿಂದ.

ಸುಳ್ಳು ಹೇಳಿಬಿಡೋಣವೆನ್ನಿಸಿತು ತಾತನಿಗೆ. ಅಳತೆಯ ವಿಷಯದಲ್ಲಿ ಅವನ ನಾಲಿಗೆ ಹೊರಳಲಿಲ್ಲ.

"ರೀ, ಅವಳನ್ನ ಚೆನ್ನಾಗಿ ಒರೆಸಿ ಇನ್ನೊಂದ್ಸಲ ನಿಲ್ಸಿ. ನಾನು ನೋಡ್ಬೇಕು," ಎಂದಳು ಅಜ್ಜಿ.

ನಿಲ್ಲಿಸಿದ. ಮತ್ತೆ ನಲವತ್ತೊಂದು.

"ಅವಳ ಹೆಗಲ ಮೇಲಿರೋದು ಯಾರ ಕೈ?"

ತಾತ ನೋಡಿಕೊಂಡ. ತನ್ನದೇ.

"ಹಲಗೆ ಅಲುಗಾಡುತ್ತೆ ಕಣೇ. ಬೀಳ್ತಾಳೆ ಅಂತ..."

"ಮಗೂನ ತೂಗ್ತಿದೀರೋ ನಿಮ್ಮ ಕೈನೋ? ಬೀಳಲ್ಲ, ತೆಗೀರಿ."

ಕೈ ತೆಗೆದ. ಮುಳ್ಳು ನಡುಗುತ್ತ ಇಳಿದು ಮೂವತ್ತೊಂಬತ್ತಕ್ಕೆ ನಿಂತಿತು.

"ಸೊನ್ನೆ ಪಾಯಿಂಟ್ ಒಂಬತ್ತು ಏಳು ಐದು," ಎಂದ ತಾತ. "ಉಸಿರು ತುಂಬ್ಕೊಂಡಿರಬೇಕು, ಅಷ್ಟೇ."

"ಒಂದಕ್ಕಿಂತ ಇಷ್ಟೇ ಇಷ್ಟು ಕಡಿಮೆನಾ?"

"ತೇಲೋಕೆ ಅಷ್ಟು ಸಾಕು."

ಅವಳು ಯೋಚಿಸಿದಳು. "ನಾಳೆ ನೀನೂ ಬಾ ತಾತ. ಕೈ ಮಾತ್ರ ಜೇಬಲ್ಲಿಟ್ಕೊ."

ಮರುದಿನ ಕೊಳದಲ್ಲಿ ಈಜು ಕಲಿಸುವಾಕೆ ಅವಳ ಬೆನ್ನಿನಡಿಯಿಂದ ಮೆಲ್ಲಗೆ ಕೈ ಸರಿಸಿಕೊಂಡಳು. ಹುಡುಗಿ ಕೆನ್ನೆ ಉಬ್ಬಿಸಿ ಉಸಿರು ಹಿಡಿದಿದ್ದಳು. ಮೊದಲು ಹೊಟ್ಟೆ, ಆಮೇಲೆ ಮಂಡಿ ನೀರಿನ ಮೇಲೆ ಬಂದವು. ಕೊನೆಗೆ ಹತ್ತೂ ಕಾಲ್ಬೆರಳು. ದಂಡೆಯಲ್ಲಿ ತಾತನ ಜೇಬುಗಳೆರಡೂ ಮುಷ್ಟಿಯಿಂದ ಉಬ್ಬಿದ್ದವು.