ಹಗೇವಿನಲ್ಲಿಟ್ಟ ತತ್ತಿಗಳು

ಎಂಬತ್ತೈದರ ಬೇಸಿಗೆಯಲ್ಲಿ ಸಂಶಿಯ ಹತ್ತಿರದ ನಮ್ಮೂರ ಕೆರೆಯ ಏರಿ ದುರಸ್ತಿ ಎರಡನೇ ವರ್ಷಕ್ಕೆ ಬಂತು. ಮಣ್ಣಿನ ಏರಿಗೆ ಕಲ್ಲು ಹೊದಿಸಿ ಸಿಮೆಂಟು ಮೆತ್ತುವ ಕೆಲಸ. ಮೂರು ಕಡೆ ಹಿಂದಿನ ವರ್ಷವೇ ಮುಗಿದು, ಆಮೆಗಳು ತತ್ತಿ ಇಡುತ್ತಿದ್ದ ಮಣ್ಣೆಲ್ಲ ಕಲ್ಲಿನಡಿ ಹೋಗಿತ್ತು. ಉಳಿದದ್ದು ಮೂಡಲ ದಂಡೆಯೊಂದೇ.

ಆ ದಂಡೆ ಕಾಯುತ್ತಿದ್ದವಳು ಮುದುಕಿ ದುರ್ಗವ್ವ. ಯಾರೂ ನೇಮಿಸಿದ್ದಲ್ಲ. ಸತ್ತದ್ದು, ಕೊಳೆತದ್ದು ತಿಂದು ಕೆರೆಯನ್ನು ತಿಳಿಯಾಗಿಡುವುದು ಆಮೆಗಳೇ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ನಾವು ನಗುತ್ತಿದ್ದೆವು, ಅದೇ ನೀರು ಕುಡಿಯುತ್ತಿದ್ದೆವು.

ಮಣ್ಣಿನಲ್ಲಿ ತತ್ತಿಗಳಿವೆ, ಈ ದಂಡೆ ಮುಚ್ಚಬೇಡ ಎಂದು ಕಲ್ಲು ಕಟ್ಟುವ ಗೌಂಡಿ ಮಶಾಕಸಾಬನ ಮುಂದೆ ಅವಳು ಕೈ ಮುಗಿದು ನಿಂತಳು.

“ಯವ್ವಾ, ನನ್ನ ಕೈಯಾಗ ಏನೈತಿ? ಬರೂ ಸೋಮಾರ ಇಲ್ಲಿ ಕಲ್ಲ ಇಡಬೇಕು. ಮಳಿ ಬೀಳೂತನಕ ತತ್ತಿ ಎಲ್ಲೆರೆ ಇಟಗೋ. ಮ್ಯಾಲಿನ ಅಂಚಿನ್ಯಾಗ ಮೂರು ಮೊಳ ಮಣ್ಣ ಹಂಗ ಬಿಡ್ತೀನಿ. ಕಲ್ಲಿನ ಗಾಡಿ ಹ್ವಾದಮ್ಯಾಲ ಅಲ್ಲೇ ಹುಗಿ,” ಎಂದ ಅವನು.

ಎಲ್ಲಿ ಇಡುವುದು? ಅವಳ ಗುಡಿಸಲಿನಲ್ಲಿ ಇಲಿ, ಹೊರಗೆ ನಾಯಿ. ಆಗ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು.

“ದುರ್ಗವ್ವಾ, ನಮ್ಮ ಹಗೇವು ಖಾಲಿ ಐತಿ, ಅದರಾಗ ಇಡು. ಇಲಿ ಇಲ್ಲ, ಹುಳಾ ಇಲ್ಲ. ನಮ್ಮ ಮುತ್ಯಾ ತುಂಬಿದ ಜ್ವಾಳ ಏಳ ವರ್ಷಕ್ಕ ತಗದ್ರೂ ಹೊಸಾದಿದ್ದಂಗ ಇತ್ತು.”

ನಮ್ಮ ಅಂಗಳದಲ್ಲಿ ಕಾಳು ತುಂಬಿಡುವ ಆ ಆಳದ ನೆಲಗುಣಿಯ ಮೇಲೆ ನನಗೆ ಭಾರಿ ಜಂಬ. ಅವಳು ಮೂವತ್ತೊಂದು ತತ್ತಿಗಳನ್ನು ಒಂದೂ ಹೊರಳದ ಹಾಗೆ ಹಸಿ ಮಣ್ಣಿನ ಬುಟ್ಟಿಯಲ್ಲಿ ತಂದಳು. ನಾನೇ ಇಳಿಸಿದೆ, ಬಾಯಿಗೆ ಕಲ್ಲು ಮುಚ್ಚಿ, ಇರುವೆಯೂ ನುಸುಳದಂತೆ ಸುತ್ತ ಮಣ್ಣು ಮೆತ್ತಿದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

ಮಶಾಕಸಾಬ ಮಾತು ಉಳಿಸಿಕೊಂಡ. ಮೂರು ಮೊಳ ಬಿಟ್ಟಿದ್ದನ್ನು ಕಂಡು ಕೆಲಸ ನೋಡಲು ಬಂದ ಸಾಹೇಬರು ಬೈದರು, ಮುಚ್ಚು ಎಂದರು. ಅವನು ಮುಚ್ಚಲಿಲ್ಲ. ಅವನನ್ನು ಕೆಲಸದಿಂದ ತೆಗೆದರು. ಮುಚ್ಚಲು ಬೇರೆ ಯಾರೂ ಬರಲಿಲ್ಲ.

ಮೊದಲ ಮಳೆಯ ಮರುದಿನ ಮೂವರೂ ಅಂಗಳದಲ್ಲಿ ಸೇರಿದೆವು. ಕಲ್ಲು ಸರಿಸಿ, ಎಂದಿನಂತೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟೆ. ಅರ್ಧಕ್ಕೇ ದೀಪ ಆರಿತು.

ದೀಪ ಆರಿದರೆ ಮನುಷ್ಯ ಇಳಿಯಬಾರದು, ಕೆಳಗೆ ಗಾಳಿಯಿಲ್ಲ. ಇದು ನನಗೆ ಆರನೇ ವಯಸ್ಸಿನಿಂದ ಗೊತ್ತು. ಹುಳ ಬದುಕದ ಜಾಗ ಎಂದು ನಾನೇ ಕೊಚ್ಚಿಕೊಂಡಿದ್ದೆ.

ಬಹಳ ಹೊತ್ತು ಕಂಬಳಿ ಬೀಸಿ ಗಾಳಿ ಆಡಿಸಿ, ಮತ್ತೆ ದೀಪ ಬಿಟ್ಟು ನೋಡಿ, ಇಳಿದು ಬುಟ್ಟಿ ತಂದೆ. ದುರ್ಗವ್ವ ಒಂದು ತತ್ತಿ ಒಡೆದಳು. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಆಮೆ, ಕಾಲು ಮಡಚಿಕೊಂಡು ಸತ್ತಿತ್ತು. ಇನ್ನೊಂದೂ ಹಾಗೆಯೇ. ಆಮೇಲೆ ಅವಳು ಒಡೆಯಲಿಲ್ಲ.

“ಅಲ್ಲಿ ಉಸರ ಸಿಗಂಗಿಲ್ಲಂತ ನಿನಗ ಗೊತ್ತಿತ್ತಲ್ಲೋ ಲಕ್ಷ್ಮಪ್ಪಾ?”

“ಗೊತ್ತಿತ್ತವಾ,” ಎಂದೆ.

ಬುಟ್ಟಿ ಹೊತ್ತು ಏರಿಗೆ ಹೋದಳು. ಮಶಾಕಸಾಬ ತಾನು ಉಳಿಸಿದ್ದ ಮೂರು ಮೊಳ ಮಣ್ಣನ್ನು ತಾನೇ ಅಗೆದ. ಅವಳು ತತ್ತಿಗಳನ್ನು ಒಂದೊಂದಾಗಿ, ಈಗಲೂ ಹೊರಳದ ಹಾಗೆ, ಗುಣಿಯಲ್ಲಿಟ್ಟಳು. ಮಣ್ಣು ಎಳೆಯಲು ನಾನೂ ಬಗ್ಗಿದೆ.

“ನೀ ಮುಟ್ಟಬ್ಯಾಡ,” ಎಂದಳು.