ಅರ್ಧ ಸುತ್ತು

ಬಾಗಿಲ ಕೆಳಗಿನ ಸಂದಿನಲ್ಲಿ ಎರಡು ಜೊತೆ ಬೂಟು, ಹೊಳೆಯುತ್ತಿರುವುದು ಪ್ರಿನ್ಸಿಪಾಲರದು, ತುದಿಗೆ ಸೀಮೆಸುಣ್ಣದ ಪುಡಿ ಹತ್ತಿರುವುದು ಮೇಷ್ಟ್ರದು, ಆ ಬಿಳಿ ತುದಿ ಬಹಳ ಹೊತ್ತಿನಿಂದ ಅಲುಗಿಲ್ಲ – ಇಷ್ಟು ಹೊತ್ತು ನಿಂತು ಏನು ಹೇಳುತ್ತಿರಬಹುದು, ನನ್ನ ಹೆಸರೇ ಇರಬೇಕು, ನೀವಿಲ್ಲೇ ಕೂತಿರಿ, ಮೊದಲು ನಾನು ಮಾತಾಡಿ ಬರ್ತೀನಿ ಅಂದರಲ್ಲ ಮೇಷ್ಟ್ರು, ಯಾಕೆ ಮೊದಲು, ಮೊದಲು ಹೇಳಿದವರ ಮಾತೇ ನಿಲ್ಲುವುದು, ಅಷ್ಟು ತಿಳಿಯಲು ನಾನು ಓದಿದ ಮೂರನೇ ಕ್ಲಾಸು ಸಾಕು. ಬೆಳಿಗ್ಗೆ ಹೆಂಡತಿಯೂ ಅದನ್ನೇ ಅಂದಳು, ರೀ, ಅವರು ಕೋಟು ಹಾಕೋರು, ನೀವು ಅವರ ಮೇಜು ಒರೆಸೋರು, ಕೊನೆಗೆ ನಿಮ್ಮ ತಲೆಗೇ ಕಟ್ತಾರೆ ನೋಡ್ತಿರಿ – ನಾನು ಲೋಟದೊಳಗೆ ನೋಡುತ್ತ ಚಹಾ ಕುಡಿದೆ. ಮೂವತ್ತೊಂದು ವರ್ಷದ ಹಿಂದೆ ಮೇಷ್ಟ್ರ ಕೈಗೆ ಲ್ಯಾಬಿನ ಬೀಗದ ಕೈ ಕೊಟ್ಟವನು ನಾನೇ, ಅಟೆಂಡರು, ಹಗಲೆಲ್ಲ ಗ್ಯಾರೇಜಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ದುಡಿದವರು ಸಂಜೆ ಬಂದು ಭೌತಶಾಸ್ತ್ರವೋ ಎಂಜಿನಿಯರಿಂಗೋ ಕಲಿಯುವ ಕಾಲೇಜು ಇದು, ಬೇರೆಯವರೆಲ್ಲ ಒಂದೆರಡು ವರ್ಷ ಪಾಠ ಹೇಳಿ ದೊಡ್ಡ ಕಾಲೇಜು ಹುಡುಕಿಕೊಂಡು ಹೋದರು, ಇವರು ಹೋಗಲಿಲ್ಲ, ಆಗಲೇ ನನಗೆ ಅನುಮಾನ, ಇಷ್ಟು ಓದಿದವರು ಇಲ್ಲೇಕೆ ಉಳಿಯುತ್ತಾರೆ, ಎಲ್ಲೋ ಏನೋ ಮಾಡಿಕೊಂಡು ಬಂದಿರಬೇಕು. ಒಂದು ದಿನ ಪಾಠ ಮುಗಿದ ಮೇಲೆ ಕಣ್ಣಾರೆ ಕಂಡೆ, ಹಿಂದೆ ಮುಂದೆ ನೋಡಿಕೊಂಡು, ಸ್ಕ್ರೂಡ್ರೈವರ್ ಹಿಡಿದು, ಸರಿಯಿರುವ ಯಂತ್ರವನ್ನು ಕೆಡಿಸುತ್ತಿದ್ದಾರೆ! ಸಿಕ್ಕಿಬಿದ್ದವರು ನಗುತ್ತಾರೆ, ಸರಿ ಇರೋದನ್ನ ಕೊಟ್ರೆ ಪುಸ್ತಕದ ಉತ್ತರ ಬರೀತಾರೆ ಕಣ್ರೀ, ಕೆಟ್ಟಿರೋದನ್ನ ಕೊಟ್ರೆ ಕಣ್ಣು ಬಿಟ್ಟು ನೋಡ್ತಾರೆ, ಆಫೀಸಿಗೆ ಮಾತ್ರ ಹೇಳಬೇಡಿ. ಹೇಳಲಿಲ್ಲ. ದಿಕ್ಸೂಚಿಯ ಮೇಜಿನಡಿ ಒಂದು ಅಯಸ್ಕಾಂತ, ಎಲ್ಲೋ ಒಂದು ಬಿಟ್ಟುಹೋದ ತಂತಿ, ಪ್ರತಿ ಪ್ರಯೋಗಕ್ಕೂ ಒಂದು ಕೆಡುಕು, ಹುಡುಕಿದವರಿಗೆ ಪೂರ್ತಿ ಅಂಕ, ಸ್ಕ್ರೂ ಮೇಷ್ಟ್ರು ಅಂತ ಹೆಸರೇ ಬಿತ್ತು, ಗ್ಯಾರೇಜಿನಿಂದ ಬರುವ ಗಡ್ಡದವನೊಬ್ಬ, ಸಾರ್, ಇವತ್ತು ಏನು ಕೆಡಿಸಿದ್ದೀರಿ, ಬೇಗ ಹೇಳಿಬಿಡಿ, ಮನೇಲಿ ಹೆಂಡ್ತಿ ಬಾಗಿಲು ಹಾಕ್ಕೋತಾಳೆ, ಲ್ಯಾಬೆಲ್ಲ ನಗು, ನಾನೂ ನಕ್ಕೆ, ನಕ್ಕದ್ದೇ ತಪ್ಪಾಯಿತು. ಅಷ್ಟರಲ್ಲಿ ಈ ಹೊಸ ಪ್ರಿನ್ಸಿಪಾಲರು ಬಂದರು, ಯಂತ್ರಗಳನ್ನು ಸರಿಯಾಗಿ ಇಟ್ಟಿಲ್ಲ ಅಂತ ಎರಡು ಮೆಮೊ ಬಂತು, ಎರಡೂ ನನಗೆ, ಮೂರನೆಯದು ಬಂದರೆ ಕೆಲಸ ಬಿಡಿಸಿ ಮನೆಗೆ, ಮೇಷ್ಟ್ರಿಗೆ ತೋರಿಸಿದರೆ ಛೇ ಅಂದು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು – ನನ್ನ ಮೆಮೊ ಅವರ ಜೇಬಿಗೇಕೆ, ಅದರ ಬಗ್ಗೆ ಮತ್ತೆ ತುಟಿ ಬಿಚ್ಚಲಿಲ್ಲ, ಕೆಡಿಸುವುದನ್ನೂ ಬಿಡಲಿಲ್ಲ. ಆಮೇಲೆ ನಾನೂ ಶುರು ಮಾಡಿದೆ, ಅವರು ಸಡಿಲಿಸಿ ಹೋದದ್ದನ್ನು ಬೆಳಿಗ್ಗೆ ಬೇಗ ಬಂದು ಬಿಗಿಸುವುದು, ಒಬ್ಬರನ್ನೊಬ್ಬರು ಏನೂ ಕೇಳದೆ, ಏನೂ ಹೇಳದೆ. ಮಂಗಳವಾರ ತಂತಿಯ ಪ್ರಯೋಗ, ಮೇಲಿನ ತೊಲೆಯಿಂದ ಉಕ್ಕಿನ ತಂತಿ ಇಳಿಬಿಟ್ಟಿದೆ, ಕೆಳಗೆ ಒಂದೊಂದೇ ತೂಕ ಹಾಕಿ ಎಷ್ಟು ಉದ್ದವಾಯಿತು ಅಂತ ಅಳೆಯಬೇಕು, ಏಣಿ ಹತ್ತಿ ಮುಟ್ಟಿ ನೋಡಿದೆ, ತಂತಿಯನ್ನು ಕಚ್ಚಿಹಿಡಿಯುವ ಸ್ಕ್ರೂ ಸಡಿಲ, ಇಕ್ಕಳ ಹಾಕಿ ಬಿಗಿಸಿದೆ, ಬಿಗಿಯಿತು, ಸಾಕಿತ್ತು, ಮೆಮೊ ನೆನಪಾಯಿತು, ಇನ್ನೂ ಅರ್ಧ ಸುತ್ತು. ಕಿರ್ ಅಂದಿತು, ಬಹಳ ಸಣ್ಣಗೆ. ಸಂಜೆ ಐದನೇ ತೂಕಕ್ಕೆ ತಂತಿ ತುಂಡಾಗಿ ಚಾಟಿಯ ಹಾಗೆ ಹಾರಿತು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ, ಹುಬ್ಬಿನ ಮೇಲೆ ಕೆಂಪು ಗೆರೆ, ಕಣ್ಣು ಒಂದು ಬೆರಳಿನಷ್ಟು ದೂರದಲ್ಲಿ ಉಳಿಯಿತು, ನಾನು ಹತ್ತಿಗಾಗಿ ಕಪಾಟೆಲ್ಲ ಕೆದಕುತ್ತಿದ್ದರೆ ಅವಳೇ, ಅಣ್ಣಾ, ನೀವು ಕೂತ್ಕೊಳ್ಳಿ ಮೊದಲು, ದಿನಾ ಬೇರೆಯವರಿಗೆ ಹೊಲಿಗೆ ಹಾಕಿಸ್ತೀನಿ, ಇವತ್ತು ನಂಗೆ – ಮೇಷ್ಟ್ರು ತುಂಡು ತಂತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುದಿ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡಿದರು, ಆ ನೋಟಕ್ಕೇ ನಾಲ್ಕು ದಿನದಿಂದ ಅನ್ನ ಇಳಿದಿಲ್ಲ. ನಿವೃತ್ತಿಗೆ ಎರಡೇ ತಿಂಗಳು ಅವರಿಗೆ, ಯಾರ ತಲೆ ಉಳಿಸಿಕೊಳ್ಳುತ್ತಾರೆ ಮತ್ತೆ, ತಮ್ಮದೇ ತಾನೇ, ಬಾಗಿಲು ತೆರೆಯಿತು, ಬನ್ರೀ ಒಳಗೆ. ಪ್ರಿನ್ಸಿಪಾಲರ ಮೇಜಿನ ಮೇಲೆ ಮೇಷ್ಟ್ರ ಕೈಬರಹ, ಒಂದು ಹಾಳೆ, ನೋಡಿ, ಪ್ರೊಫೆಸರು ಎಲ್ಲಾ ಒಪ್ಪಿಕೊಂಡಿದ್ದಾರೆ, ಪಾಠಕ್ಕೋಸ್ಕರ ಸ್ಕ್ರೂ ಸಡಿಲ ಮಾಡಿದ್ರಂತೆ, ಅದಕ್ಕೇ ತಂತಿ ತುಂಡಾಯ್ತಂತೆ, ಲ್ಯಾಬಲ್ಲಿ ಬೇರೆ ಯಾರೂ ಅದನ್ನ ಮುಟ್ಟಿಲ್ವಂತೆ, ನಾಳೆಯಿಂದ ಅವರು ಕಾಲೇಜಿಗೆ ಬರೋ ಹಾಗಿಲ್ಲ, ನಿಜ ತಾನೇ, ನಿಜ ಆದ್ರೆ ಇಲ್ಲೊಂದು ರುಜು ಹಾಕಿ. ಸಡಿಲವಾದರೆ ತಂತಿ ಜಾರುತ್ತದೆ, ತುಂಡಾಗುವುದಿಲ್ಲ, ಅತಿಯಾಗಿ ಬಿಗಿದರೆ ಸ್ಕ್ರೂ ಕಚ್ಚಿದ ಕಡೆಯೇ ತುಂಡಾಗುವುದು, ಇದನ್ನು ಮೂವತ್ತೊಂದು ವರ್ಷ ಅವರ ಬಾಯಿಂದಲೇ ಕೇಳಿದ್ದೇನೆ, ಹಲಗೆ ಒರೆಸುತ್ತ ಕೇಳಿದ್ದೇನೆ, ತುದಿ ನೋಡಿದಾಗಲೇ ಗೊತ್ತಾಗಿದೆ ಅವರಿಗೆ, ಗೊತ್ತಿದ್ದೂ – ಯಾಕೆ, ಇದರಲ್ಲೇನಿದೆ, ಏನು ಲಾಭ ಅವರಿಗೆ, ಹುಡುಕುತ್ತೇನೆ, ಏನೂ ಸಿಗುವುದಿಲ್ಲ, ಮೇಷ್ಟ್ರು ನನ್ನ ಕಡೆ ನೋಡುತ್ತಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದಾರೆ, ಏನ್ರೀ, ರುಜು ಹಾಕೋಕೆ ಬರಲ್ವಾ, ಬರುತ್ತದೆ, ಇಂಗ್ಲಿಷಿನಲ್ಲೇ ಬರುತ್ತದೆ, ಮೇಷ್ಟ್ರೇ ಕಲಿಸಿದ್ದು, ಪೆನ್ನು ಬೆರಳಿನ ನಡುವೆ ಇದೆ, ಹೇಳಬೇಕು, ಈಗ ಹೇಳಬೇಕು, ಹೆಬ್ಬೆರಳು, ತೋರುಬೆರಳು, ಬಿಗಿಯಾಗಿತ್ತು, ಸಾಕಿತ್ತು, ಇನ್ನೂ ಅರ್ಧ ಸುತ್ತು, ಕಿರ್, ಅರ್ಧ ಸುತ್ತು –