ಹಂಡೆಯ ಮೇಲೆ ಹೂಡಿದ ಪೀಠ

ಆ ಭಾನುವಾರ ಬೆಳಗ್ಗೆ ಏಳಕ್ಕೇ ಹಲಬರ್ಗಾದಲ್ಲಿ ಅಂಗಳದ ಕಲ್ಲು ಕಾದಿತ್ತು. ಗಾಳಿಯ ಸುಳಿವಿರಲಿಲ್ಲ. ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ.

ಕೊರೊನಾದ ಎರಡನೇ ಅಲೆಯ ಮೇ ತಿಂಗಳು ಅದು. ದಾನಮ್ಮನ ಗಂಡ ವೈಜಿನಾಥ ಹನ್ನೆರಡು ದಿನದಿಂದ ಬೀದರಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದ. ದಾನಮ್ಮನಿಗೂ ಮಗಳು ಗುಡಿಯಾಳಿಗೂ ಪರೀಕ್ಷೆಯಲ್ಲಿ ರೋಗ ಕಂಡಿರಲಿಲ್ಲ. ಆದರೂ ಅವನನ್ನು ನೋಡಲು ಬಿಡುತ್ತಿರಲಿಲ್ಲ. ಭಾಲ್ಕಿಯ ಚರ್ಚಿಗೆ ಹೋಗಿ ಅವನಿಗಾಗಿ ಫಾದರ್ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆ ಮಾಡಿಸೋಣವೆಂದರೆ ಅಲ್ಲಿಯೂ ಬೀಗ.

ಊರಿನ ಹನ್ನೊಂದು ಕಥೋಲಿಕ ಮನೆಗಳಿಗೆ ಪ್ರಾರ್ಥನೆ ಕಲಿಸುವ ಉಪದೇಶಿ ಸಂಜುಕುಮಾರ ಮಾಸ್ಕ್ ಹಾಕಿಕೊಂಡು ಬಂದು ಅಂಗಳದಾಚೆಯೇ ನಿಂತ.

"ಬಂದ್ಯಾ ಮಾಸ್ತರ?" ದಾನಮ್ಮ ಕಸಬರಿಗೆ ಒಗೆದಳು. "ದಾರು ಅಂಗಡಿ ಹತ್ತು ಗಂಟಿ ತನಕ ತೆರದಿರ್ತದ. ದೇವರ ಬಾಗಿಲಿಗೆ ಕೀಲಿ! ಇದ್ಯಾವ ನ್ಯಾಯ?"

"ಸಿಟ್ಟು ನನಗೂ ಬಂದದ, ಅಕ್ಕ. ಆದ್ರ ಕೀಲಿ ಜಡದದ್ದು ದೇವರಿಗಲ್ಲ, ರೋಗಕ್ಕ. ಅಣ್ಣಗ ಇದು ಹತ್ತಿದ್ದೆಲ್ಲಿ? ಸಾಯಗಾಂವದ ಮದುವಿಯೊಳಗ. ಮುನ್ನೂರು ಮಂದಿ ಕೂಡಿದ್ರು."

"ಹಂಗಾದ್ರ ಹನ್ನೊಂದು ಮನಿಯವರನ್ನೂ ಇಲ್ಲಿಗೇ ಕರೀತೇನಿ. ಬಾಗಿಲಾ ಹಾಕ್ಕೊಂಡು ಪ್ರಾರ್ಥನಿ ಮಾಡ್ತೇವಿ. ಯಾರು ಕೇಳ್ತಾರ?"

"ರೋಗ ಕೇಳ್ತದ!" ಸಂಜುಕುಮಾರನ ದನಿಯೂ ಏರಿತು. "ಹೋದ ವಾರ ಎರಡು ಹೆಣ ಹೂಳಿ ಬಂದೇನಿ, ದಾನಮ್ಮಕ್ಕ. ಹೊರಲಿಕ್ಕ ನಾಕೇ ಮಂದಿ. ಮೂರನೇದು ಯಾರ ಮನೀದು ಇರಲಿ, ಹೇಳ್ರಿ?"

ದಾನಮ್ಮ ಒಗೆದ ಕಸಬರಿಗೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಆದರೆ ಸಿಟ್ಟು ಇಳಿಯಲಿಲ್ಲ.

"ಫಾದರ್ ಇಲ್ಲದ ಪ್ರಾರ್ಥನಿ ಮ್ಯಾಲ ಮುಟ್ಟತದೇನು? ನಾ ಓದು ಬಾರದ ಹೆಂಗಸು."

"ಬಲಿಪೂಜಿ ಫಾದರೇ ಮಾಡಬೇಕು, ಖರೆ. ನಮ್ಮೆಲ್ಲರ ಸಲುವಾಗಿ ಅವರು ಒಬ್ರೇ ಒಳಗ ನಿಂತು ಮಾಡಲತ್ತಾರ. ಒಂಬತ್ತಕ್ಕ ಮೊಬೈಲಿನಾಗ ಬರ್ತದ. ಸಿನಿಮಾ ನೋಡಿದಂಗ ಕಾಲು ಚಾಚಿ ನೋಡಬ್ಯಾಡ್ರಿ, ಅಷ್ಟೇ. ಒಂದು ಮೂಲಿ ಹಸನ ಮಾಡಿ ಶಿಲುಬಿ ಇಡ್ರಿ, ಮೇಣಬತ್ತಿ ಹಚ್ರಿ. ಗುಡಿಯಾ ಬೈಬಲಿನ ಶುಭಸಂದೇಶ ಓದಲಿ. ಫಾದರ್ ಪರಮಪ್ರಸಾದದ ರೊಟ್ಟಿ ತಗೊಳ್ಳೋ ಹೊತ್ತಿಗೆ ಕಣ್ಣು ಮುಚ್ಚಿ, 'ಸ್ವಾಮಿ, ನನ್ನ ಎದಿಯೊಳಗ ಬಾ' ಅನ್ರಿ. ನಮ್ಮೂರ ಅಮೀರ ಪಾಶಾ ಸಾಹೇಬ್ರನ್ನ ನೋಡ್ರಿ, ರಂಜಾನದ ನಮಾಜ ಮನಿಯಾಗೇ ಮಾಡಲತ್ತಾರ. ನಿಮ್ಮಂಗ ಕಸಬರಿಗಿ ಒಗದಿಲ್ಲ."

ಗುಡಿಯಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಸಂಜುಕುಮಾರ ಮುಂದಿನ ಮನೆಗೆ ನಡೆದ.

ಮನೆಯಲ್ಲಿ ಮೇಜಿರಲಿಲ್ಲ. ದಾನಮ್ಮ ಬಚ್ಚಲಿನ ತಾಮ್ರದ ಹಂಡೆಯನ್ನು ಎತ್ತಿ ತಂದು ಗೋಡೆಯ ಬದಿಗಿಟ್ಟಳು. ಅದು ಕಲ್ಲಿಗೆ ತಾಗಿ ಖಣ್ ಎಂದಿತು. ಹಂಡೆಯ ಬಾಯಿಗೆ ಮಣೆ ಮುಚ್ಚಿ, ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟಳು. ಪೀಠ ಸಿದ್ಧವಾಯಿತು.

ಆ ಹಂಡೆ ದಾನಮ್ಮನದಲ್ಲ. ಗೋಡೆಯಾಚೆಯ ಮನೆಯ ಸುಮಿತ್ರಾಬಾಯಿಯದು. ಆಕೆ ವೈಜಿನಾಥನ ತೀರಿಹೋದ ತಮ್ಮನ ಹೆಂಡತಿ. ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದವಳು ಆಕೆಯೇ. ಅತ್ತೆ ಕಣ್ಣು ಮುಚ್ಚುವ ಮೊದಲು ಹಂಡೆಯನ್ನು ಆಕೆಗೆ ಕೊಟ್ಟಿದ್ದಳು. ಹಿರಿಮಗಳನ್ನು ಔರಾದಿಗೆ ಕೊಟ್ಟಾಗ ದಾನಮ್ಮ ಮದುವೆಯ ನೀರು ಕಾಯಿಸಲು ಅದನ್ನು ಕೇಳಿ ತಂದಳು. ನಾಲ್ಕು ವರ್ಷವಾಯಿತು, ತಿರುಗಿ ಕೊಡಲಿಲ್ಲ. ಕೇಳಿದರೆ "ಅತ್ತೀದು ಅಂದ್ರ ಹಿರಿಸೊಸಿದು" ಎನ್ನುತ್ತಿದ್ದಳು. ಅಂದಿನಿಂದ ಮಾತಿಲ್ಲ. ಚರ್ಚಿನಲ್ಲಿ ದಾನಮ್ಮ ಮುಂದಿನ ಸಾಲಿನಲ್ಲಿ, ಸುಮಿತ್ರಾಬಾಯಿ ಬಾಗಿಲ ಬಳಿ. ಪೂಜೆಯ ನಡುವೆ ಒಬ್ಬರಿಗೊಬ್ಬರು ಕೈಮುಗಿದು ಶಾಂತಿ ಕೋರುವ ಹೊತ್ತಿಗೆ ದಾನಮ್ಮ ಆ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಕೈಮುಗಿಯುತ್ತಿದ್ದಳು.

ಒಂಬತ್ತಕ್ಕೆ ಮೊಬೈಲಿನಲ್ಲಿ ಫಾದರ್ ಕಂಡರು. ಎರಡು ನಿಮಿಷಕ್ಕೆ ಚಿತ್ರ ನಿಂತುಹೋಯಿತು.

"ಇದಕ್ಕೂ ಈಗೇ ಸಾಯ್ಬೇಕಿತ್ತಾ!" ದಾನಮ್ಮ ಮೊಬೈಲಿಗೆ ಹೊಡೆದಳು.

"ಅವ್ವಾ, ನಾವೇ ಹೇಳೋಣು," ಎಂದಳು ಗುಡಿಯಾ.

ಇಬ್ಬರೂ ಮೊಣಕಾಲೂರಿ, ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಶುರುಮಾಡಿದರು. ಗೋಡೆಯಾಚೆಯಿಂದಲೂ ಅದೇ ಪ್ರಾರ್ಥನೆ ಕೇಳಿಸಿತು. ಸುಮಿತ್ರಾಬಾಯಿಯ ದನಿ. ಮೂರು ದನಿಗಳೂ ಜೊತೆಯಾಗಿ ನಡೆದವು. 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಎಂಬಲ್ಲಿಗೆ ಬಂದಾಗ ಆಚೆಯ ದನಿ ತಟ್ಟನೆ ನಿಂತಿತು.

ದಾನಮ್ಮನಿಗೆ ಉರಿದುಹೋಯಿತು. "ಯಾಕ ನಿಂತಿ? ಹೇಳು! ನಿನ್ನ ಭಾವ ಅಲ್ಲಿ ಉಸಿರಿಗೆ ಒದ್ದಾಡಲತ್ತಾರ!"

"ಹ್ಯಾಂಗ ಹೇಳ್ಲಿ, ಅಕ್ಕ?" ಗೋಡೆಯಾಚೆ ಸುಮಿತ್ರಾಬಾಯಿ ಸಿಡಿದಳು. "ನನ್ನ ಹಂಡೆ ಸಪ್ಪಳ ನನಗ ಗೊತ್ತಾಗಂಗಿಲ್ಲೇನು? ಮ್ಯಾಲ ಮಣಿ ಮುಚ್ಚಿದ್ದೂ ಕೇಳ್ತು. ಅದರ ಮ್ಯಾಲೇ ದೇವರನ್ನ ಕೂಡ್ಸಿ ಕ್ಷಮಾ ಕೇಳ್ಲತ್ತೀಯಲ್ಲ! ಭಾವನ ಸಲುವಾಗಿ ನಾನೂ ದಿನಾ ಜಪಸರ ಹಿಡೀತೇನಿ. ದಿನಾ ಈ ಮಾತಿಗೇ ಬಂದು ನಿಲ್ತೇನಿ. ಕ್ಷಮಿಸೇನಿ ಅಂತ ದೇವರಿಗೆ ಸುಳ್ಳು ಹೇಳ್ಲೇನು? ಚರ್ಚಿನಾಗ ಮಂದಿ ದನಿಯೊಳಗ ದಾಟಿ ಹೋಗ್ತಿತ್ತು. ಮನಿಯಾಗ ದಾಟಲಿಕ್ಕ ಬರಂಗಿಲ್ಲ!"

ದಾನಮ್ಮ ಬಾಯಿ ತೆರೆದಳು. ಬೈಗುಳ ತುಟಿಯವರೆಗೆ ಬಂದಿತ್ತು. ಎದುರಿಗೆ ಶಿಲುಬೆ ಇತ್ತು. ಶಿಲುಬೆಯ ಕೆಳಗೆ ಹಂಡೆ ಇತ್ತು.

"ಅವ್ವಾ," ಗುಡಿಯಾ ಮೆಲ್ಲಗೆ ಕೇಳಿದಳು, "ಅಪ್ಪನ ಸಲುವಾಗಿ ಇದರ ಮ್ಯಾಲಿಂದ ಬೇಡ್ಕೊಳ್ಳೋದು ಹ್ಯಾಂಗ?"

"ಚುಪ್!" ಎಂದಳು ದಾನಮ್ಮ. ಆಮೇಲೆ ಎದ್ದು ಮಣೆಯನ್ನು ನೆಲಕ್ಕಿಟ್ಟು, ಶಿಲುಬೆಯನ್ನು ಅದರ ಮೇಲೆ ನಿಲ್ಲಿಸಿದಳು. "ಹುಣಸಿ ತಾ. ಬೂದಿ ತಾ," ಎಂದಳು. ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಹಂಡೆ ತಿಕ್ಕಿದಳು. ನಾಲ್ಕು ವರ್ಷದ ಮಸಿ. ಬೆವರು ಯಾವುದು, ಕಣ್ಣೀರು ಯಾವುದು, ಗುಡಿಯಾಳಿಗೆ ತಿಳಿಯಲಿಲ್ಲ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಂಡೆ ಕೊಟ್ಟರೆ ಜ್ವರ ಇಳಿಯುತ್ತದೆ ಎಂದು ತಿಳಿಯಬೇಡಿ. ದೇವರು ವ್ಯಾಪಾರಿಯಲ್ಲ. ವೈಜಿನಾಥ ಅಂದು ಇನ್ನೂ ಆಕ್ಸಿಜನ್ ಮೇಲೆಯೇ ಇದ್ದ. ಚರ್ಚಿನ ಬಾಗಿಲು ಮುಚ್ಚಿದಾಗ ಗುಂಪು ಕೂಡಬೇಡಿ. ನಿಮ್ಮ ಮನೆಯ ಒಂದು ಮೂಲೆಯಲ್ಲಿ ಮೇಣಬತ್ತಿ ಹಚ್ಚಿ, ಮಕ್ಕಳ ಕೈಯಲ್ಲಿ ಶುಭಸಂದೇಶ ಓದಿಸಿ. ಪ್ರಾರ್ಥನೆ ಯಾವ ಮಾತಿಗೆ ತಡೆಯುತ್ತದೋ ಅಲ್ಲಿಂದ ಹಾರಿ ಮುಂದೆ ಹೋಗಬೇಡಿ. ಅಲ್ಲಿಯೇ ಎದ್ದು, ಯಾರ ಬಾಗಿಲಿಗೆ ಹೋಗಬೇಕೋ ಹೋಗಿ ಬನ್ನಿ. ಮೇಣಬತ್ತಿ ಕಾಯುತ್ತದೆ.

ದಾನಮ್ಮ ಮೂಗು ಬಾಯಿ ಮುಚ್ಚುವಂತೆ ಸೆರಗು ಬಿಗಿದುಕೊಂಡು, ಥಳಥಳಿಸುವ ಹಂಡೆಯನ್ನು ಸೊಂಟದ ಮೇಲಿಟ್ಟು ಹೊರಗೆ ಬಂದಳು. ಸುಮಿತ್ರಾಬಾಯಿ ಒಳಗೆ ಬಾಗಿಲ ಹತ್ತಿರವೇ ನಿಂತಿದ್ದಳು. ದಾನಮ್ಮ ಬಾಗಿ, ಹಂಡೆಯನ್ನು ಆಕೆಯ ಹೊಸ್ತಿಲ ಮುಂದೆ, ಕಲ್ಲಿಗೆ ತಾಗಿ ಸಪ್ಪಳವಾಗದ ಹಾಗೆ, ಎರಡೂ ಕೈಯಿಂದ ಇಳಿಸಿದಳು.